ಎಸ್ ಮೋಡ್ ಕಥೆ: ಬೀಗ ಹಾಕಿದ್ರೆ ಹಳೇ ಟ್ಯಾಬ್ಲೆಟ್ ಓಡುತ್ತಾ?

ಕಪಾಟಿನಲ್ಲಿ ಕೂತಿರೋ ಹಳೇ ವಿಂಡೋಸ್ ಟ್ಯಾಬ್ಲೆಟ್ಟನ್ನು ಊರಿಗೆ ಹೋಗುವಾಗ ಅಪ್ಪ-ಅಮ್ಮನಿಗೆ ಕೊಡೋಣ ಅಂತ ನಮ್ಮಲ್ಲಿ ತುಂಬಾ ಜನ ಯೋಚಿಸ್ತಾರೆ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅದು ‘ಎಸ್ ಮೋಡ್’ನಲ್ಲಿ ಇರುತ್ತೆ. ಹಾಗೇ ಬಿಟ್ಟರೆ ವೇಗ ಉಳಿಯುತ್ತಾ, ತೆಗೆದರೆ ನಿಧಾನ ಆಗುತ್ತಾ? ಇದಕ್ಕೆ ಉತ್ತರ ಬೇಕಂದ್ರೆ ಸ್ವಲ್ಪ ಇತಿಹಾಸ ನೋಡಬೇಕು. ವಿಂಡೋಸಿಗೆ ಬೀಗ ಹಾಕೋದು ಹೊಸದೇನಲ್ಲ.

2004ರಲ್ಲಿ ಮೈಕ್ರೋಸಾಫ್ಟ್ ‘ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್’ ಘೋಷಿಸಿತು. ಕಡಿಮೆ ಬೆಲೆಯ ಕಂಪ್ಯೂಟರುಗಳಿಗೆ ಅಂತ ಮಾಡಿದ್ದು. ಭಾರತಕ್ಕೂ ಹಿಂದಿಯಲ್ಲಿ ಬಂತು. ಅದರಲ್ಲಿ ಏಕಕಾಲಕ್ಕೆ 3 ಪ್ರೋಗ್ರಾಂ ಮಾತ್ರ ತೆರೆಯಬಹುದಿತ್ತು. ಪೈರೇಟೆಡ್ ಸಿಡಿಗಳ ಎದುರು ಅಗ್ಗದ ಅಸಲಿ ಪ್ರತಿ ಕೊಡಬೇಕು, ಆದರೆ ದುಬಾರಿ ಆವೃತ್ತಿಯ ಮಾರಾಟ ಕೆಡಬಾರದು. ಅಂದರೆ ಆ ಬೀಗ ಬಿದ್ದಿದ್ದು ಬೆಲೆಗೋಸ್ಕರ, ವೇಗಕ್ಕಲ್ಲ.

2009ರಲ್ಲಿ ನೆಟ್‌ಬುಕ್‌ಗಳ ಕಾಲ. ‘ವಿಂಡೋಸ್ 7 ಸ್ಟಾರ್ಟರ್’ಗೂ ಅದೇ 3 ಪ್ರೋಗ್ರಾಂ ಮಿತಿ ಹಾಕೋ ಯೋಜನೆ ಇತ್ತು, ಬಿಡುಗಡೆಗೆ ಮೊದಲೇ ಕೈಬಿಟ್ಟರು. ಆದರೆ ವಾಲ್‌ಪೇಪರ್ ಬದಲಾಯಿಸೋಕೆ ಬಿಡಲಿಲ್ಲ! ವಾಲ್‌ಪೇಪರ್ ತಡೆದರೆ ಆಟಮ್ ಪ್ರೊಸೆಸರ್ ಜೋರಾಗಿ ಓಡುತ್ತಾ ಹೇಳಿ?

2012ರ ಅಕ್ಟೋಬರ್ 26ರಂದು ‘ವಿಂಡೋಸ್ ಆರ್‌ಟಿ’ ಬಂತು, ಜೊತೆಗೆ ಸರ್ಫೇಸ್ ಟ್ಯಾಬ್ಲೆಟ್. ಎಆರ್‌ಎಂ ಚಿಪ್, 2 ಜಿಬಿ ರ್‍ಯಾಮ್. ಹೊರಗಿನ ಪ್ರೋಗ್ರಾಂ ಬೇಕಂದ್ರೆ ಸ್ಟೋರಿನಿಂದಲೇ ತರಬೇಕು. ಆ ಸ್ಟೋರಿನಲ್ಲಿ ಜನಕ್ಕೆ ಬೇಕಾದ್ದು ಸಾಕಷ್ಟು ಇರಲಿಲ್ಲ. ಮರುವರ್ಷ ಜುಲೈನಲ್ಲಿ ಮಾರಾಟವಾಗದ ಸರಕಿನ ಲೆಕ್ಕಕ್ಕೆ ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಆಮೇಲೆ 2017ರ ಮೇ 2. ಅಮೆರಿಕದ ಶಾಲೆಗಳಲ್ಲಿ ಗೂಗಲ್‌ನ ಕ್ರೋಮ್‌ಬುಕ್ ಹಬ್ಬಿಬಿಟ್ಟಿತ್ತು. ಅದಕ್ಕೆ ಉತ್ತರವಾಗಿ ನ್ಯೂಯಾರ್ಕಿನಲ್ಲಿ ‘ವಿಂಡೋಸ್ 10 ಎಸ್’ ಪ್ರಕಟವಾಯಿತು. ವೇಗದ ಮಾತು ದೊಡ್ಡದಾಗಿ ಕೇಳಿಬಂದಿದ್ದು ಇಲ್ಲೇ: ಲಾಗಿನ್ ಬೇಗ ಆಗುತ್ತೆ, ದಿನ ಕಳೆದಂತೆ ನಿಧಾನ ಆಗಲ್ಲ ಅಂತ. 2018ರಲ್ಲಿ ಅದು ಪ್ರತ್ಯೇಕ ಆವೃತ್ತಿಯಾಗಿ ಉಳಿಯದೆ ‘ಮೋಡ್’ ಆಯಿತು. ಬೇಡ ಅನ್ನೋರು ದುಡ್ಡು ಕೊಡದೆ ಹೊರಬರಬಹುದು. ಅದೇ ವರ್ಷ ಆಗಸ್ಟಿನಲ್ಲಿ 399 ಡಾಲರಿನ ಸರ್ಫೇಸ್ ಗೋ ಎಸ್ ಮೋಡ್‌ನಲ್ಲೇ ಮಾರಾಟಕ್ಕೆ ಬಂತು. ಪೆಂಟಿಯಂ ಗೋಲ್ಡ್ 4415ವೈ, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ. ನಾವು ಮಾತಾಡ್ತಿರೋ ‘ಹಳೇ ಟ್ಯಾಬ್ಲೆಟ್’ ಅಂದರೆ ಇಂಥದ್ದೇ.

ಈಗ ಮುಖ್ಯ ವಿಷಯ. ಎಸ್ ಮೋಡ್ ಅಂದರೆ ಹಗುರವಾದ ಬೇರೆ ವಿಂಡೋಸ್ ಅಲ್ಲ. ಒಳಗಿರೋದು ಅದೇ ಕರ್ನಲ್, ಅದೇ ಸರ್ವಿಸ್‌ಗಳು, ಅದೇ ಡಿಫೆಂಡರ್, ಅದೇ ಅಪ್‌ಡೇಟ್. ಎಸ್ ಮೋಡ್ ಬಾಗಿಲಲ್ಲಿ ನಿಂತ ಕಾವಲುಗಾರ ಇದ್ದ ಹಾಗೆ. ಸ್ಟೋರಿನಿಂದ ಬಂದದ್ದಾ, ಒಳಗೆ ಬಾ. ಹೊರಗಿನ ಇಎಕ್ಸ್‌ಇ ಫೈಲಾ, ವಾಪಸ್ ಹೋಗು. ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ರಿಜಿಸ್ಟ್ರಿ ಎಡಿಟರ್ ಕೂಡ ಬಂದ್. ಕಾವಲುಗಾರ ಇದ್ದಾನೆ ಅಂತ ಮನೆ ದೊಡ್ಡದಾಗಲ್ಲ. 4 ಜಿಬಿ ರ್‍ಯಾಮ್ 4 ಜಿಬಿಯೇ.

ಹಾಗಾದರೆ ವೇಗದ ಮಾತು ಪೂರ್ತಿ ಸುಳ್ಳಾ? ಅಲ್ಲ. ಸಾಮಾನ್ಯ ವಿಂಡೋಸಿನಲ್ಲಿ ನಾವು ಹಾಕೋ ಪ್ರತಿ ಸಾಫ್ಟ್‌ವೇರೂ ತನ್ನದೊಂದು ಅಪ್‌ಡೇಟರ್, ಒಂದು ಸ್ಟಾರ್ಟಪ್ ಎಂಟ್ರಿ ಬಿಟ್ಟು ಹೋಗಬಹುದು. ಎರಡು ವರ್ಷ ಕಳೆದ ಮೇಲೆ ಬೂಟ್ ಆಗೋಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಎಸ್ ಮೋಡ್ ಆ ಕಸವನ್ನು ಬಹುಮಟ್ಟಿಗೆ ಬಾಗಿಲಲ್ಲೇ ತಡೆಯುತ್ತೆ. ಅಂದರೆ ಅದು ವೇಗ ಕೊಡಲ್ಲ, ಇರೋ ವೇಗ ಹಾಳಾಗೋದನ್ನು ತಡೆಯುತ್ತೆ. ಎಡ್ಜ್‌ನಲ್ಲಿ 20 ಟ್ಯಾಬ್ ತೆರೆದರೆ ಎಸ್ ಮೋಡ್ ಇದ್ದರೂ ಟ್ಯಾಬ್ಲೆಟ್ ಏದುಸಿರು ಬಿಡುತ್ತೆ.

ಇದಕ್ಕೆ ಕೊಡೋ ಬೆಲೆಯೂ ಇದೆ. ಡೌನ್‌ಲೋಡ್ ಮಾಡಿದ ನುಡಿ ಅಥವಾ ಬರಹದ ಇನ್‌ಸ್ಟಾಲರ್ ಎಸ್ ಮೋಡ್‌ನಲ್ಲಿ ಓಡಲ್ಲ. ಅಪ್ಪನ ಹಳೇ ಕಡತಗಳು ನುಡಿ ಫಾಂಟಿನಲ್ಲಿದ್ದರೆ ಇದು ಸಣ್ಣ ವಿಷಯ ಅಲ್ಲ. ಹೊಸದಾಗಿ ಕನ್ನಡ ಟೈಪ್ ಮಾಡೋಕೆ ಮಾತ್ರ ತೊಂದರೆ ಇಲ್ಲ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ಇನ್ನೆರಡು ಎಚ್ಚರಿಕೆ. ಎಸ್ ಮೋಡ್‌ನಿಂದ ಹೊರಗೆ ಬಂದರೆ ವಾಪಸ್ ಹೋಗೋಕೆ ಸೆಟ್ಟಿಂಗ್ಸ್‌ನಲ್ಲಿ ದಾರಿ ಇಲ್ಲ. ಅದಕ್ಕೇ ‘ನೋಡೋಣ’ ಅಂತ ಒತ್ತಬೇಡಿ. ಎರಡನೇದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮೊದಲ ಸರ್ಫೇಸ್ ಗೋ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಕಾವಲುಗಾರ ಇದ್ದರೂ ಗೋಡೆಯ ಬಿರುಕು ಮುಚ್ಚೋರು ಬೇಕಲ್ವಾ? ಸೆಕ್ಯೂರಿಟಿ ಅಪ್‌ಡೇಟ್ ಸಿಗದ ಟ್ಯಾಬ್ಲೆಟ್ಟಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಅಮ್ಮನಿಗೆ ವೀಡಿಯೊ ನೋಡೋಕೆ, ಪೇಪರ್ ಓದೋಕೆ ಸಾಕು ಅಂದರೆ ಎಸ್ ಮೋಡ್ ಇರಲಿ. ನುಡಿ ಬೇಕೇ ಬೇಕು ಅಂದರೆ ತೆಗೆಯಿರಿ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಪಟ್ಟಿ ಖಾಲಿ ಮಾಡಿ, ಡಿಸ್ಕಿನಲ್ಲಿ ಜಾಗ ಉಳಿಸಿ. ಬೀಗ ಮಾಡ್ತಿದ್ದ ಹೆಚ್ಚಿನ ಕೆಲಸ ನಮ್ಮ ಕೈಯಲ್ಲೇ ಇದೆ.