ಕೃತಕ ರೇಷ್ಮೆಯನ್ನು ಎದುರಿಸಿದ ರಾಮನಗರ

ಸೂರತ್‌ನ ಘಟಕಗಳಲ್ಲಿ ಈಗ ವಜ್ರ ಬೆಳೆಯುತ್ತಿದ್ದಾರೆ. ಗಣಿಯ ವಜ್ರದಂತೆ ಅದೂ ಇಂಗಾಲದ ಹರಳೇ. ಬೆಲೆ ಮಾತ್ರ ಬಲು ಕಡಿಮೆ. ಅಗ್ಗದ ಮಾಲು ಬಂದರೆ ಅಸಲಿನ ಗತಿಯೇನು ಎಂಬ ಚಿಂತೆ ಆಭರಣ ವ್ಯಾಪಾರಿಗಳಿಗೆ ಹೊಸದು. ರಾಮನಗರ ಸೀಮೆಯ ರೇಷ್ಮೆಗಾರರಿಗೆ ಅದು ಅಜ್ಜಂದಿರ ಕಾಲದ್ದು.

ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ರಾಜ್ಯದಲ್ಲಿ ರೇಷ್ಮೆಗೆ ಇಂಬು ಕೊಟ್ಟ. ಕಾಲಾಂತರದಲ್ಲಿ ಚನ್ನಪಟ್ಟಣ, ಕನಕಪುರದ ಹೊಲಗಳಿಗೆ ಹಿಪ್ಪುನೇರಳೆ ಹಬ್ಬಿತು. ಮಾಗಡಿ ಕಡೆಯ ರೈತರು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆದರು. ಅತ್ತ ಫ್ರಾನ್ಸಿನ ಶಾರ್ದೊನೆ ತಾನು ತಯಾರಿಸಿದ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ. 1930ರ ದಶಕದ ಹೊತ್ತಿಗೆ ವಿದೇಶಿ ರೇಷ್ಮೆಯ ಜೊತೆ ಕೃತಕ ನೂಲೂ ಭಾರತದ ಪೇಟೆಗೆ ನುಗ್ಗಿತ್ತು. ದೇಶಿ ರೇಷ್ಮೆಗೆ 1934ರಲ್ಲಿ ಸುಂಕದ ರಕ್ಷಣೆ ಕೊಡಬೇಕಾಯಿತು.

ಕೃತಕ ನೂಲನ್ನು ಪತ್ತೆಹಚ್ಚುವುದು ಸುಲಭ. ಒಂದೆಳೆ ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಕೃತಕ ರೇಷ್ಮೆಯಾದ ರೇಯಾನ್ ಕಾಗದದಂತೆ ಉರಿಯುತ್ತದೆ. ಪ್ರಯೋಗಾಲಯದ ವಜ್ರಕ್ಕೆ ಇಂಥ ಮನೆಮಟ್ಟದ ಪರೀಕ್ಷೆಯಿಲ್ಲ, ಯಂತ್ರವೇ ಬೇಕು.

ಆದರೆ ರೈತನ ಸಂಕಟ ಬೇರೆಯದು. ವಜ್ರವನ್ನು ಬೆಲೆ ಏರುವವರೆಗೆ ತಿಜೋರಿಯಲ್ಲಿಡಬಹುದು. ಗೂಡು ಕಾಯುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗಿ, ನೂಲು ಬಿಚ್ಚಲು ಬರುವುದಿಲ್ಲ. ಸಿಕ್ಕಿದ ಬೆಲೆಗೆ ಮಾರಲೇಬೇಕಾದ ಈ ರೈತನಿಗೆ ಆಸರೆಯಾದದ್ದು ರಾಜ್ಯದ 1959ರ ರೇಷ್ಮೆ ಬಿತ್ತನೆ ಮತ್ತು ಗೂಡು ಕಾಯ್ದೆ. ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯಲ್ಲಿ, ಬಹಿರಂಗ ಹರಾಜಿನಲ್ಲಿ ನಡೆಯುವ ಪದ್ಧತಿ ಬೇರೂರಿದ್ದು ಅದರಿಂದ. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು.

ಕೊಳ್ಳುವವರಿಗೆ ಅಸಲಿನ ಭರವಸೆ ಕೊಡಲು 2004ರಲ್ಲಿ ಸಿಲ್ಕ್ ಮಾರ್ಕ್ ಬಂತು. ಅಷ್ಟೇ ಸಾಲಲಿಲ್ಲ. ಚೀನಾದಿಂದ ಬರುತ್ತಿದ್ದುದೂ ಅಸಲಿ ರೇಷ್ಮೆಯೇ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ ಶೇ. 15ಕ್ಕೇರಿತು.

ಹತ್ತು ವರ್ಷದ ಬಳಿಕ, 2023ರ ಬಜೆಟ್ ಕೃತಕ ವಜ್ರ ಬೆಳೆಸುವ ಬೀಜದ ಹರಳಿನ ಮೇಲಿನ ಶೇ. 5 ಸುಂಕವನ್ನೂ ತೆಗೆದುಹಾಕಿತು. ಅಗ್ಗದ ವಜ್ರದಿಂದ ಗಣಿ ಕಂಪನಿಗಳಿಗಾಗುವ ನಷ್ಟದ ಲೆಕ್ಕ ಎಲ್ಲರ ಬಾಯಲ್ಲಿದೆ. ಹರಳಿಗೆ ಸಾಣೆ ಹಿಡಿಯುವ ಕಾರ್ಮಿಕರ ಕೂಲಿಯ ಲೆಕ್ಕವನ್ನೂ ಈಗಲೇ ಕೇಳಬೇಕು.