ಸಭೈಕ್ಯವಾದದಲ್ಲಿ ಪೂರ್ವಪಕ್ಷ, ಸಿದ್ಧಾಂತ: ಲೆಸ್ಲಿ ನ್ಯೂಬಿಗಿನ್ ಮತ್ತು ಕನ್ನಡನಾಡು

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಪ್ರಾಟೆಸ್ಟೆಂಟ್ ಕ್ರೈಸ್ತರು ಒಂದೇ ವೇದಪುಸ್ತಕವನ್ನು ಓದುತ್ತಿದ್ದರೂ ಭಿನ್ನ ಭಿನ್ನ ಸಭಾವ್ಯವಸ್ಥೆಗಳಿಗೆ ಅಧೀನರಾಗಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರೂ, ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನರೂ, ಪುತ್ತೂರು ಸುಳ್ಯಗಳನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ನಿನವರೂ ಮುಖ್ಯರು. 1834ರಲ್ಲಿ ಮಂಗಳೂರಿಗೆ ಬಂದ ಈ ಬಾಸೆಲ್ ಮಿಶನ್ನು 1843ರ 'ಮಂಗಳೂರ ಸಮಾಚಾರ'ದಿಂದಲೂ 1894ರ ಕಿಟ್ಟೆಲ್ ಕೋಶದಿಂದಲೂ ಸಾಹಿತ್ಯಜ್ಞರಿಗೆ ಸುಪರಿಚಿತವಾಗಿದೆ. ಆದರೆ ಅದರ ಮತ್ತೊಂದು ವಿಶೇಷವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕ್ಯಾಲ್ವಿನನ ಮಾರ್ಗವನ್ನನುಸರಿಸುವ ರಿಫಾರ್ಮ್ಡ್ ಪಂಥದವರೂ ಲೂಥರನ ಅನುಯಾಯಿಗಳೂ ಅದರಲ್ಲಿ ಜೊತೆಗೂಡಿಯೇ ದುಡಿಯುತ್ತಿದ್ದರು.

ದಕ್ಷಿಣಭಾರತದಲ್ಲಿ ಐಕ್ಯಪ್ರಯತ್ನವು ಕ್ರಮವಾಗಿ ಬೆಳೆಯಿತು. 1908ರಲ್ಲಿ ಪ್ರೆಸ್ಬಿಟೇರಿಯನರೂ ಕಾಂಗ್ರಿಗೇಶನಲಿಸ್ಟರೂ ಒಂದಾದರು. 1910ರಲ್ಲಿ ಬೆಂಗಳೂರಿನಲ್ಲಿ ಹಲವು ಮಿಶನ್ನುಗಳು ಕೂಡಿ ಸಂಯುಕ್ತ ದೈವಜ್ಞಾನ ವಿದ್ಯಾಲಯವನ್ನು ಸ್ಥಾಪಿಸಿದುವು. 1919ರಲ್ಲಿ ತರಂಗಂಬಾಡಿಯಲ್ಲಿ ದೋರ್ಣಕಲ್ಲಿನ ಬಿಷಪ್ ಅಜರಯ್ಯನವರೇ ಮೊದಲಾದವರು ಆಂಗ್ಲಿಕನರನ್ನೂ ಒಳಗೊಂಡ ಐಕ್ಯಕ್ಕೆ ಕರೆಯಿತ್ತರು. ಆದರೂ ಸಂಧಾನವು ಇಪ್ಪತ್ತೆಂಟು ವರ್ಷಗಳವರೆಗೆ ನಡೆಯಬೇಕಾಯಿತು. ಇದಕ್ಕೆ ಪ್ರಧಾನ ಕಾರಣ ದೀಕ್ಷಾಪರಂಪರೆಯ ಪ್ರಶ್ನೆ.

ಪೂರ್ವಪಕ್ಷವು ಇಂತಿದ್ದಿತು: ಅಪೊಸ್ತಲರಿಂದ ಬಿಷಪ್ಪರ ಮೂಲಕ ಅವಿಚ್ಛಿನ್ನವಾಗಿ ಬಂದ ಹಸ್ತನಿಕ್ಷೇಪವಿಲ್ಲದೆ ಪಡೆದ ದೀಕ್ಷೆಯು ಅಪೂರ್ಣ, ಅಂತಹ ದೀಕ್ಷೆಯ ಸಭಾಪಾಲಕರನ್ನು ಹಾಗೆಯೇ ಅಂಗೀಕರಿಸಿದರೆ ಸಭೆಯ ಸ್ವರೂಪಕ್ಕೇ ಹಾನಿ. ಕವಿ ಟಿ. ಎಸ್. ಎಲಿಯಟ್ಟನೂ 1943ರಲ್ಲಿ ದಕ್ಷಿಣಭಾರತದ ಯೋಜನೆಯನ್ನು ಖಂಡಿಸಿ ಒಂದು ಪುಸ್ತಿಕೆಯನ್ನು ಬರೆದನು.

ಇದಕ್ಕೆ ಸಮಾಧಾನವನ್ನು ಹೇಳಿದವರಲ್ಲಿ ಅಗ್ರಗಣ್ಯರು ಲೆಸ್ಲಿ ನ್ಯೂಬಿಗಿನ್ (1909-1998). ರಿಫಾರ್ಮ್ಡ್ ಪರಂಪರೆಯ ಸ್ಕಾಟ್ಲೆಂಡ್ ಸಭೆಯಿಂದ 1936ರಲ್ಲಿ ದೀಕ್ಷೆ ಪಡೆದು ಮದ್ರಾಸ್ ಪ್ರಾಂತಕ್ಕೆ ಬಂದ ಇವರು, 1948ರ 'ಸಭೆಯ ಪುನರೈಕ್ಯ' ಎಂಬರ್ಥದ ಇಂಗ್ಲಿಷ್ ಗ್ರಂಥದಲ್ಲಿ ತಮ್ಮ ಸಿದ್ಧಾಂತವನ್ನು ಪ್ರತಿಪಾದಿಸಿದರು. ಮನುಷ್ಯನು ಸ್ವಂತ ಅರ್ಹತೆಯಿಂದಲ್ಲದೆ ದೈವಾನುಗ್ರಹದಿಂದಲೇ ನೀತಿವಂತನೆನಿಸುವುದಾದರೆ, ಸಭೆಗೂ ಅದೇ ನ್ಯಾಯ. ಒಡೆದುಹೋದ ಸಭೆಗಳಲ್ಲಿ ಯಾವುದೂ ತನ್ನ ಪೂರ್ಣತೆಯನ್ನು ಸಾರಿ ಇನ್ನೊಂದನ್ನು ನಿರಾಕರಿಸಲಾಗದು. ಬಿಷಪ್ ಪದವಿಯು ಸ್ವೀಕಾರಯೋಗ್ಯವಾದ ವರ. ಆದರೆ ಅದರ ಬಗೆಗೆ ಒಂದೇ ವ್ಯಾಖ್ಯಾನವನ್ನು ಎಲ್ಲರ ಮೇಲೂ ಹೇರತಕ್ಕುದಲ್ಲ.

ಯೋಜನೆಯೂ ಈ ಮಾರ್ಗವನ್ನೇ ಹಿಡಿದಿತ್ತು. ಮುಂದಿನ ದೀಕ್ಷೆಗಳೆಲ್ಲವೂ ಬಿಷಪ್ಪರಿಂದಲೇ ಆಗತಕ್ಕುವು. ಹಿಂದೆ ದೀಕ್ಷಿತರಾದವರಿಗೆ ಪುನರ್ದೀಕ್ಷೆಯಿಲ್ಲ. ಮೂವತ್ತು ವರ್ಷಗಳು ಸಂಧಿಕಾಲ. ಹೀಗೆ 1947ನೆಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣಭಾರತ ಸಭೆಯು ಉದಯಿಸಿತು. ಪ್ರೆಸ್ಬಿಟೇರಿಯನರಾದ ನ್ಯೂಬಿಗಿನ್ನರೇ ಮಧುರೆ-ರಾಮನಾಡಿನ ಬಿಷಪ್ಪರಾದರು, ಮೈಸೂರಿಗೆ ಪಿ. ಗುರುಶಾಂತರು ಪ್ರಥಮ ಬಿಷಪ್ಪರಾದರು.

ಕರಾವಳಿಯ ಬಾಸೆಲ್ ಸಭೆಗಳು ಮಾತ್ರ ಆ ದಿನ ಹೊರಗುಳಿದುವು. ಎರಡು ಪಂಥಗಳ ಸಹವಾಸವನ್ನು ಶತಮಾನದಷ್ಟು ಮೊದಲೇ ಕಂಡಿದ್ದ ಸೀಮೆಯು ವಿಶಾಲವಾದ ಐಕ್ಯಕ್ಕೆ ತಡವಾಗಿ ಸೇರಿದುದು ಚಿಂತನೀಯವಾಗಿದೆ. ಅವುಗಳೂ ಬಳಿಕ ಒಳಗೂಡಿದುವು. 1970ರಲ್ಲಿ ಮೈಸೂರು ಧರ್ಮಪ್ರಾಂತ್ಯವು ವಿಭಾಗಗೊಂಡಾಗ ಮಂಗಳೂರು ಕರ್ನಾಟಕ ದಕ್ಷಿಣ ಧರ್ಮಪ್ರಾಂತ್ಯದ ಕೇಂದ್ರವಾಯಿತು. ಬಲಾತ್ಕಾರವಿಲ್ಲದೆ ಕಾಯುವುದೂ ಐಕ್ಯದ ಅಂಗವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಭೇದವನ್ನು ಅಳಿಸಿದ ಮೇಲೆ ಕೂಡುವುದಲ್ಲ, ಕೂಡಿದ ಮೇಲೆ ಭೇದವನ್ನು ವಿಚಾರಿಸುವುದು ಎಂಬುದೇ ಆ ಸಿದ್ಧಾಂತದ ಸಾರ.