ಸಿದ್ದಿಯರ ಕಾಲುಗಳೂ ದಿಲ್ಲಿಯ ಲೆಕ್ಕವೂ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರನ್ನು ದಿಲ್ಲಿಯ ಸರಕಾರ 1987ರಲ್ಲಿ ಹುಡುಕಿಕೊಂಡು ಬಂತು. ಬಂದದ್ದು ಜಮೀನಿನ ಪಟ್ಟೆ ಕೊಡಲಿಕ್ಕಲ್ಲ, ಶಾಲೆ ತೆರೆಯಲಿಕ್ಕೂ ಅಲ್ಲ. ಅವರ ಮಕ್ಕಳನ್ನು ಓಡಿಸಿ ನೋಡಲಿಕ್ಕೆ. ಇವರು ಬುಡಕಟ್ಟು ಜನ ಎಂದು ಅದೇ ದಿಲ್ಲಿ ಕಾನೂನಿನಲ್ಲಿ ಒಪ್ಪಿಕೊಳ್ಳಲು 2003ರ ತನಕ ಕಾಯಬೇಕಾಯಿತು. ಕಾಲುಗಳನ್ನು ಕಂಡ ಮೇಲೆ ಮನುಷ್ಯರನ್ನು ಕಾಣಲು ಹದಿನಾರು ವರ್ಷ ಬೇಕಾದ ಈ ಕತೆಯನ್ನು ನಾವು ಸ್ವಲ್ಪ ಹಿಂದಿನಿಂದ ಹೇಳಬೇಕು.

ಸ್ವತಂತ್ರ ಭಾರತದಲ್ಲಿ ಕ್ರೀಡೆಗೆಂದು ಬಹುಕಾಲ ಬೇರೆ ಇಲಾಖೆ ಇರಲಿಲ್ಲ. ಸಂವಿಧಾನದ ಪ್ರಕಾರ ಕ್ರೀಡೆ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. 1982ರಲ್ಲಿ ದಿಲ್ಲಿಯಲ್ಲಿ ಏಶ್ಯನ್ ಕ್ರೀಡಾಕೂಟ ನಡೆದಾಗ ಕೇಂದ್ರದಲ್ಲಿ ಕ್ರೀಡಾ ಇಲಾಖೆ ಹುಟ್ಟಿತು. 1985 ಅಂತಾರಾಷ್ಟ್ರೀಯ ಯುವ ವರ್ಷವಾದ್ದರಿಂದ ಅದಕ್ಕೆ 'ಯುವಜನ' ಎಂಬ ಮಾತೂ ಸೇರಿಕೊಂಡಿತು. ಮಾನವ ಸಂಪನ್ಮೂಲ ಸಚಿವಾಲಯದ ನೆರಳಿನಲ್ಲಿದ್ದ ಆ ಇಲಾಖೆ ಯುವಜನ ಮತ್ತು ಕ್ರೀಡಾ ಸಚಿವಾಲಯವೆಂದು ಸ್ವತಂತ್ರವಾದದ್ದು 2000ದಲ್ಲಿ. ಏಶ್ಯಾಡಿನ ಕ್ರೀಡಾಂಗಣಗಳು ಹುಲ್ಲು ಬೆಳೆದು ಹಾಳಾಗಬಾರದೆಂದು 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವನ್ನೂ ಕಟ್ಟಲಾಗಿತ್ತು. ನಮ್ಮ ಕತೆಯಲ್ಲಿ ಬರುವುದು ಈ ಪ್ರಾಧಿಕಾರವೇ.

1982ರಲ್ಲಿ ಮನೆಯಂಗಳದ ಕೂಟದಲ್ಲಿ 13 ಚಿನ್ನ ಸೇರಿ 57 ಪದಕ ಗೆದ್ದು ಬೀಗಿದ ದೇಶ, ಎರಡೇ ವರ್ಷದಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸ್‌ನಿಂದ ಬರಿಗೈಯಲ್ಲಿ ಮರಳಿತು. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡರು. ಆ ಸಂಕಟ ದೊಡ್ಡದು. ಪದಕ ಎಲ್ಲಿಂದಾದರೂ ಬರಲಿ ಎಂಬ ಹಸಿವಿನಲ್ಲಿ ಪ್ರಾಧಿಕಾರ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ'ಯನ್ನು ಕೈಗೆತ್ತಿಕೊಂಡಿತು. ಬುಡಕಟ್ಟು, ಗುಡ್ಡಗಾಡು, ಕರಾವಳಿಯ ಜನರಲ್ಲಿ ಸಹಜ ಪ್ರತಿಭೆಯನ್ನು ಹುಡುಕುವುದು ಅದರ ಗುರಿ. ರಾಜಸ್ಥಾನದ ಉದಯಪುರ ಸೀಮೆಯ ಬಡ ಬುಡಕಟ್ಟು ಹುಡುಗ ಲಿಂಬಾ ರಾಮ್ ಇದೇ ಹುಡುಕಾಟದಲ್ಲಿ ಸಿಕ್ಕವರು. 1987ರಲ್ಲಿ ಆಯ್ಕೆಯಾಗಿ 1988ರಲ್ಲೇ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬಿಲ್ಲು ಹಿಡಿದು ನಿಂತರು. ಹಾಗಾಗಿ ಯೋಜನೆಯೇ ಹುಸಿ ಎಂದು ನಾವು ಹೇಳುವಂತಿಲ್ಲ.

ಸಿದ್ದಿಯರ ವಿಷಯದಲ್ಲಿ ಮಾತ್ರ ಲೆಕ್ಕಾಚಾರ ಬೇರೆಯಾಗಿತ್ತು. ಲಿಂಬಾ ರಾಮನ ಕೈಯಲ್ಲಿ ಬಿಲ್ಲಿತ್ತು, ಅದನ್ನು ನೋಡಿ ಆರಿಸಿದರು. ಸಿದ್ದಿ ಮಕ್ಕಳನ್ನು ಆರಿಸಿದ್ದಕ್ಕೆ ಮೊದಲ ಕಾರಣ ಅವರ ಮೂಲ. ಆಫ್ರಿಕದವರು ಜಗತ್ತಿನ ಓಟಗಳನ್ನೆಲ್ಲ ಗೆಲ್ಲುತ್ತಿದ್ದಾರೆ, ನಮ್ಮಲ್ಲೇ ಆಫ್ರಿಕ ಮೂಲದವರಿದ್ದಾರೆ, ಅವರನ್ನು ತರಬೇತಿಗೆ ಹಾಕಿದರೆ ಪದಕ ಬರುತ್ತದೆ. ತರ್ಕ ಇಷ್ಟೇ. ಆಗ ಯುವಜನ ಮತ್ತು ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಅವರ ಮಾವ ಜೋಕಿಂ ಆಳ್ವ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಹೋಗಿದ್ದವರು, ಮುಂದೆ 1999ರಲ್ಲಿ ಅದೇ ಕ್ಷೇತ್ರದಿಂದ ಇವರೂ ಗೆದ್ದರು. ಈ ಜಿಲ್ಲೆಯ ಸಿದ್ದಿಯರ ಹೆಸರು ದಿಲ್ಲಿಯ ಕಡತಕ್ಕೆ ಏರಿದ್ದಕ್ಕೆ ಈ ನಂಟೂ ಕಾರಣವಿರಬೇಕು ಎಂದು ನಮಗನಿಸುತ್ತದೆ.

ಆ ತರ್ಕ ಎಷ್ಟು ಸಡಿಲವಾದದ್ದೆಂದು ತಿಳಿಯಲು ಸಿದ್ದಿಯರ ಚರಿತ್ರೆಯನ್ನು ನೋಡಿದರೆ ಸಾಕು. ದಖ್ಖನ್ನಿನ ಸುಲ್ತಾನರ ಕಾಲದಲ್ಲಿ ಇಥಿಯೋಪಿಯದ ಕಡೆಯಿಂದ ಬಂದವರನ್ನು ಹಬಶಿಗಳೆನ್ನುತ್ತಿದ್ದರು. ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಆಡಳಿತ ಸೂತ್ರವನ್ನೇ ಹಿಡಿದು, ಮೊಗಲರನ್ನು ವರ್ಷಗಟ್ಟಲೆ ಕಾಡಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅವರಲ್ಲಿ ಒಬ್ಬರು. ಬಿಜಾಪುರದ ಆದಿಲಶಾಹಿ ದರಬಾರಿನಲ್ಲೂ ಹಬಶಿ ಸರದಾರರು ದೊಡ್ಡ ಹುದ್ದೆಗಳಲ್ಲಿದ್ದರು. ಉತ್ತರ ಕನ್ನಡದ ಸಿದ್ದಿಯರಿಗೆ ಅಂಥ ಕೋಟೆ ಕೊತ್ತಲಗಳ ಕತೆಯಿಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದ ಗುಲಾಮರು, ಒಡೆಯರ ಹಿಂಸೆಗೆ ಘಟ್ಟ ಹತ್ತಿ ಓಡಿಬಂದವರು, ಬಿಡುಗಡೆಯಾಗಿ ಬಂದವರು: ಇವರ ಪೂರ್ವಜರು ಬಹುಮಟ್ಟಿಗೆ ಇಂಥವರು. 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೂ ಸಿದ್ದಿಯರಲ್ಲಿ ಬಾಂಟು ಭಾಷಿಕ ಆಫ್ರಿಕನ್ನರ ರಕ್ತದ ಜೊತೆ ಭಾರತೀಯರ, ಯುರೋಪಿಯನ್ನರ ಅಂಶಗಳು ಬೆರೆತಿವೆ ಎಂದಿತು.

ದೂರದ ಓಟಗಳಲ್ಲಿ ಹೆಸರು ಮಾಡಿದ ಕೆನ್ಯದವರಲ್ಲಿ ಹೆಚ್ಚಿನವರು ಎರಡು ಸಾವಿರ ಮೀಟರಿಗೂ ಎತ್ತರದ ರಿಫ್ಟ್ ಕಣಿವೆ ಸೀಮೆಯ ಕಲೆಂಜಿನ್ ಜನ. ಶಿರಸಿಯ ಎತ್ತರ ಸುಮಾರು ಆರುನೂರು ಮೀಟರ್. ಜಮೈಕಾ, ಅಮೆರಿಕದ ವೇಗದ ಓಟಗಾರರ ಹಿರಿಯರೋ ಹೆಚ್ಚಾಗಿ ಪಶ್ಚಿಮ ಆಫ್ರಿಕದವರು. ಒಂದು ಇಡೀ ಖಂಡವನ್ನು ಒಂದೇ ಜಾತಿಯೆಂದು ತಿಳಿದು ಮಾಡಿದ ಲೆಕ್ಕವಿದು. ಜಾತಿ ನೋಡಿ ಕೆಲಸ ಹಂಚುವುದು ನಮಗೆ ಹೊಸದಲ್ಲವಲ್ಲ!

ಇಷ್ಟಾದರೂ ಈ ಯೋಜನೆ ಸಿದ್ದಿ ಕೇರಿಗಳಿಗೆ ತೆರೆದ ಬಾಗಿಲನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಿಲ್ಲ. ಆ ಕಾಲದ ಸಿದ್ದಿ ಕುಟುಂಬಗಳ ಸ್ಥಿತಿ ಹೇಗಿತ್ತೆಂಬುದನ್ನು ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯಬಹುದು. ಅಡಿಕೆ ತೋಟಗಳ ಒಡೆಯರ ಬಳಿ ಕೂಲಿ, ತೀರದ ಸಾಲ, ಸ್ವಂತವೆನ್ನಲು ಭೂಮಿಯಿಲ್ಲ. ಅಂಥ ಮನೆಯ ಮಕ್ಕಳು ಬೆಂಗಳೂರಿನ ಪ್ರಾಧಿಕಾರದ ಕೇಂದ್ರಕ್ಕೆ ಹೋಗಿ ಹೊಟ್ಟೆ ತುಂಬ ಉಂಡರು, ಬೂಟು ಹಾಕಿಕೊಂಡು ಓಡಿದರು, ಶಾಲೆ ಕಲಿತರು. ಗುಜರಾತಿನ ಸಿದ್ದಿ ಮಕ್ಕಳಿಗೂ ಇದೇ ಅವಕಾಶ ಸಿಕ್ಕಿತು. ಕಮಲಾ ಸಿದ್ದಿ, ಜುಜೆ ಜಾಕಿ ಹರ್ನೋಡಕರ್ ಮೊದಲಾದವರು ರಾಷ್ಟ್ರಮಟ್ಟದ ಅಥ್ಲೀಟುಗಳಾದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸು ಮುಂತಾದ ಕಡೆ ನೌಕರಿ ದೊರೆಯಿತು. ಕೂಲಿಯವನ ಮಗನಿಗೆ ತಿಂಗಳ ಸಂಬಳ ಬರುವುದೆಂದರೆ ಆ ಮನೆಯ ಮಟ್ಟಿಗೆ ಒಲಿಂಪಿಕ್ ಪದಕಕ್ಕಿಂತ ಕಡಿಮೆಯದಲ್ಲ.

ಆದರೆ ದಿಲ್ಲಿ ಎಣಿಸುತ್ತಿದ್ದುದು ಸಂಬಳವನ್ನಲ್ಲ, ಪದಕವನ್ನು. 1988ರ ಸಿಯೋಲ್, 1992ರ ಬಾರ್ಸಿಲೋನಾ ಎರಡರಲ್ಲೂ ಭಾರತಕ್ಕೆ ಒಂದೂ ಪದಕ ಬರಲಿಲ್ಲ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಆರಿಸಿದ ಮಗು ಒಲಿಂಪಿಕ್ಸಿನ ಮಟ್ಟಕ್ಕೇರಲು ಕನಿಷ್ಠ ಹತ್ತು ವರ್ಷವಾದರೂ ಬೇಕು. ಸಿದ್ದಿಯರ ಯೋಜನೆ 1993ರ ಹೊತ್ತಿಗೆ, ಆರೇ ವರ್ಷಕ್ಕೆ, ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು. ಅಲ್ಲಿ ಟ್ರ್ಯಾಕೂ ಇರಲಿಲ್ಲ, ಕೋಚೂ ಇರಲಿಲ್ಲ. ನೌಕರಿ ಸಿಗುವ ಮಟ್ಟ ಮುಟ್ಟದವರಿಗೆ ಮತ್ತೆ ಕಾಡು, ತೋಟ, ಕೂಲಿ.

ಇದೇ ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ನೀನಾಸಮ್‌ನ ನಂಟಿನ ರಂಗಕರ್ಮಿ ಚಿದಂಬರ ರಾವ್ ಜಂಬೆ ಸಿದ್ದಿಯರನ್ನೇ ಕೂಡಿಸಿ, ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಆಡಿಸಿದರು. ಅಲ್ಲಿಯೂ ಆಫ್ರಿಕದ ನೆನಪೇ ಬಂಡವಾಳ. ಆದರೆ ಅಲ್ಲಿ ಸಿದ್ದಿಯರಿಗೆ ಬಾಯಿ ತೆರೆಯುವ ಅವಕಾಶವಿತ್ತು, ಅವರ ಹಾಡು, ಕುಣಿತ, ದಮಾಮಿಯ ಬಡಿತಕ್ಕೆ ಜಾಗವಿತ್ತು. ಮುಂದೆ ಈ ಸಮುದಾಯದಿಂದ ಗಿರಿಜಾ ಸಿದ್ದಿಯವರಂಥ ರಂಗಗಾಯಕಿಯರು ಬಂದರು. ರಂಗಭೂಮಿಗೆ ಹೋದ ಹಣ ಕ್ರೀಡಾಂಗಣಕ್ಕೆ ಹೋದದ್ದರ ಒಂದು ಚೂರೂ ಇರಲಾರದು.

ಸಿದ್ದಿಯರು ತಮಗೆ ಏನು ಬೇಕೆಂದು ಹೇಳದೆ ಇದ್ದವರಲ್ಲ. 1984ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಅವರ ಒತ್ತಾಯ ಪರಿಶಿಷ್ಟ ಪಂಗಡದ ಸ್ಥಾನ ಮತ್ತು ಉಳುವ ನೆಲದ ಹಕ್ಕು. ಆ ಬೇಡಿಕೆಯಲ್ಲಿ ಮತಭೇದ ಬರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಶಿರಸಿ, ಸಿದ್ದಾಪುರದ ಸಿದ್ದಿಯರು ಬಹುಪಾಲು ಹಿಂದೂಗಳು. ಹಳಿಯಾಳ, ಮುಂಡಗೋಡದ ಕಡೆ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, ಯಲ್ಲಾಪುರದಲ್ಲಿ ಮೂವರೂ ಸಿಗುತ್ತಾರೆ. ಮನೆಮಾತು ಕೊಂಕಣಿಯೋ ಉರ್ದುವೋ ಕನ್ನಡವೋ ಇರಬಹುದು. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿ ನಾಸದ ಪೂಜೆ ನಡೆಯುವಾಗ ಮೂರು ಮತದವರೂ ಅಲ್ಲಿರುತ್ತಾರೆ. ಒಂದೇ ಜನರೊಳಗೆ ಮತಗಳು ಹೀಗೆ ಜಗಳವಿಲ್ಲದೆ ಇರುವುದನ್ನು ನಾಡಿನ ಉಳಿದವರು ಬಂದು ನೋಡಬೇಕು.

2003ರಲ್ಲಿ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮಸೀದಿಗೆ ಹೋಗುವವರಿಗೂ ಇಗರ್ಜಿಗೆ ಹೋಗುವವರಿಗೂ ಆ ಸ್ಥಾನ ಸಮಾನವಾಗಿ ಸಿಕ್ಕಿತು, ಏಕೆಂದರೆ ಪರಿಶಿಷ್ಟ ಜಾತಿಗಿರುವ ಮತದ ಕಟ್ಟು ಪರಿಶಿಷ್ಟ ಪಂಗಡಕ್ಕಿಲ್ಲ. ಆದರೆ ಪಟ್ಟಿಯಲ್ಲಿ 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಎಂಬ ಆವರಣವಿತ್ತು. ಹಳಿಯಾಳದ ಸಿದ್ದಿ ಬುಡಕಟ್ಟಿನವನು, ಗಡಿಯಾಚೆ ಧಾರವಾಡ ಜಿಲ್ಲೆಯ ಅವನ ದಾಯಾದಿ ಅಲ್ಲ! 2011ರ ಜನಗಣತಿಯಲ್ಲಿ ರಾಜ್ಯದ ಸಿದ್ದಿಯರೆಂದು ಲೆಕ್ಕಕ್ಕೆ ಸಿಕ್ಕವರು ಹತ್ತು ಸಾವಿರದ ಆಸುಪಾಸು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರನ್ನೂ ಪಟ್ಟಿಗೆ ಸೇರಿಸುವ ತಿದ್ದುಪಡಿ ಬಂದದ್ದು 2020ರಲ್ಲಿ. ಅದೇ ವರ್ಷ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು. 1987ರಲ್ಲಿ ಹತ್ತು ವರ್ಷದವರಾಗಿ ಬೆಂಗಳೂರಿನ ಟ್ರ್ಯಾಕಿಗೆ ಹೋಗಿದ್ದ ಮಕ್ಕಳಿಗೆ ಆ ಹೊತ್ತಿಗೆ ನಲವತ್ತಮೂರು ದಾಟಿತ್ತು.